ವೃದ್ಧಾಶ್ರಮಗಳಲ್ಲಿ ಜೀವಸತ್ತ್ವಪ್ರಾಪ್ತಿ

ಅನ್ನಶಬ್ದವು ಭಕ್ಷಣಾರ್ಥಕವಾದ ‘ಅದ್’ ಧಾತುವಿನಿಂದ ನಿಷ್ಪನ್ನವಾದುದು. ತಿನ್ನಲ್ಪಟ್ಟುದೇ ಅನ್ನ, ಬಡಿಸಿದ ಮಾತ್ರಕ್ಕೆ ಅದು ಅನ್ನವೆನಿಸದು. ವೃದ್ಧಾಶ್ರಮವಾಸಿಗಳ ಆಹಾರವನ್ನು ವಿಮರ್ಶಿಸುವಾಗ ಈ ವ್ಯುತ್ಪತ್ತಿಯು ಸ್ಮರಣಾರ್ಹವಾಗಿದೆ. ಬಡಿಸಿದುದು, ಉಂಡುದು, ಮೈಗೂಡಿದುದು ಎಂಬ ಮೂರಕ್ಕೂ ಅಲ್ಲಿ ಬಹಳ ಅಂತರವುಂಟು.

1912ರಲ್ಲಿ ಕಾಸಿಮಿರ್ ಫಂಕನು ‘ವಿಟಮೈನ್’ ಎಂದು ಹೆಸರಿಟ್ಟ ದ್ರವ್ಯಗಳಿಗೆ ಕನ್ನಡದಲ್ಲಿ ಜೀವಸತ್ತ್ವಗಳೆಂದು ಹೆಸರು. ಇವು ಅತ್ಯಲ್ಪ ಪ್ರಮಾಣದಲ್ಲಿ ಸಾಕು; ಆದರೆ ಇಲ್ಲದೆ ಸಾಗದು. ಇವುಗಳ ಮೊದಲನೆಯ ನಷ್ಟವು ಪಾಕಶಾಲೆಯಲ್ಲಿಯೇ ಸಂಭವಿಸುತ್ತದೆ. ಅನೇಕರಿಗಾಗಿ ಒಮ್ಮೆಲೇ ಬೇಯಿಸಿ ಬಹಳ ಹೊತ್ತು ಬಿಸಿಯಾಗಿಟ್ಟ ತರಕಾರಿಯಲ್ಲಿ ‘ಸಿ’ ಜೀವಸತ್ತ್ವವು ಬಹುಮಟ್ಟಿಗೆ ನಾಶವಾಗುವುದು. ಎರಡನೆಯದು ಎಲೆಯ ಮುಂದೆ. ಹಲ್ಲು ಬಿದ್ದವರು, ರುಚಿಗೆಟ್ಟವರು, ಕೈ ನಡುಗುವವರು ಬಡಿಸಿದುದರಲ್ಲಿ ಎಷ್ಟೋ ಭಾಗವನ್ನು ಬಿಟ್ಟೇಳುವರು. ಮೂರನೆಯದು ಉದರದಲ್ಲಿ. ವಾರ್ಧಕ್ಯದಲ್ಲಿ ಹಲವರಿಗೆ ಜಠರದ ಆಮ್ಲವು ಕ್ಷೀಣಿಸುವುದರಿಂದ ಆಹಾರದಲ್ಲಿ ಬೆಸೆದುಕೊಂಡಿರುವ ‘ಬಿ-12’ ಬಿಡುಗಡೆ ಹೊಂದದು. ಗುಳಿಗೆಯಲ್ಲಿರುವುದು ಹಾಗೆ ಬೆಸೆದುಕೊಂಡಿಲ್ಲವಾದುದರಿಂದ ಅವರಿಗೂ ದಕ್ಕುವುದು.

‘ಡಿ’ ಜೀವಸತ್ತ್ವದ ಸ್ಥಿತಿ ಬೇರೆ. ಅದು ಆಹಾರದಲ್ಲಿ ವಿರಳ. ಮುಖ್ಯವಾಗಿ ಬಿಸಿಲು ಸೋಕಿದ ಚರ್ಮದಲ್ಲಿ ಉತ್ಪನ್ನವಾಗತಕ್ಕದ್ದು. ವಯಸ್ಸು ಮೀರಿದಂತೆ ಚರ್ಮದ ಈ ಶಕ್ತಿಯು ಕುಂದುವುದು. ಗಾಜಿನ ಕಿಟಕಿಯೊಳಗಿನ ಬಿಸಿಲೂ ಪ್ರಯೋಜನಕ್ಕೆ ಬಾರದು. ಬೇಕಾದ ಕಿರಣಗಳನ್ನು ಗಾಜು ತಡೆಯುವುದು. ಆದುದರಿಂದ ಹೊರಗೆ ಕಾಲಿಡದ ವೃದ್ಧರಲ್ಲಿ ಇದರ ಅಭಾವವು ಸಾಮಾನ್ಯ.

ಈ ಅಭಾವದ ಫಲವೇನೆಂಬುದನ್ನು ಫ್ರಾನ್ಸ್ ದೇಶದ ಒಂದು ಪರೀಕ್ಷೆಯು ತೋರಿಸಿತು. ಅಲ್ಲಿನ ವೃದ್ಧಾಶ್ರಮಗಳಲ್ಲಿಯೂ ವೃದ್ಧರ ವಸತಿಗೃಹಗಳಲ್ಲಿಯೂ ಇದ್ದ, ನಡೆದಾಡಬಲ್ಲ 3270 ಮಂದಿ ಸ್ತ್ರೀಯರನ್ನು ಶಾಪ್ಯೂಯಿ ಮತ್ತು ಸಹೋದ್ಯೋಗಿಗಳು ಪರೀಕ್ಷಿಸಿ, 1992ರಲ್ಲಿ ಫಲವನ್ನು ಪ್ರಕಟಿಸಿದರು. ಅವರ ಸರಾಸರಿ ವಯಸ್ಸು 84. ಒಂದು ಪಂಗಡಕ್ಕೆ ದಿನವೂ 20 ಮೈಕ್ರೊಗ್ರಾಂ ‘ಡಿ’ ಜೀವಸತ್ತ್ವವನ್ನೂ 1.2 ಗ್ರಾಂ ಸುಣ್ಣದ ಸತ್ತ್ವವಾದ ಕ್ಯಾಲ್ಸಿಯಮನ್ನೂ, ಇನ್ನೊಂದಕ್ಕೆ ಔಷಧವಿಲ್ಲದ ಗುಳಿಗೆಯನ್ನೂ ಕೊಡಲಾಯಿತು. 18 ತಿಂಗಳು ಪೂರೈಸಿದವರಲ್ಲಿ, ಮೊದಲನೆಯ ಪಂಗಡಕ್ಕೆ ಸೊಂಟದ ಮೂಳೆಮುರಿತವು ಶೇಕಡಾ 43ರಷ್ಟು ಕಡಮೆಯಾಗಿತ್ತು. ಆ ವಯಸ್ಸಿನಲ್ಲಿ ಸೊಂಟ ಮುರಿದವರು ಅನೇಕರು ಮತ್ತೆ ಮೊದಲಿನಂತೆ ನಡೆಯರೆಂಬುದನ್ನು ನೆನೆದರೆ ಇದರ ಮಹತ್ತ್ವವು ವಿದಿತವಾಗುವುದು.

ಇದರಿಂದ ಗುಳಿಗೆಯು ಸರ್ವರಿಗೂ ಸಂಜೀವಿನಿಯೆಂದು ಭಾವಿಸಲಾಗದು. ಅಮೆರಿಕದಲ್ಲಿ, ಬಹುಮಟ್ಟಿಗೆ ಈ ಅಭಾವವಿಲ್ಲದ 25,871 ಮಂದಿಯ ಮೇಲೆ ನಡೆದು 2022ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಕೇವಲ ‘ಡಿ’ ಜೀವಸತ್ತ್ವದ ಸೇವನೆಯಿಂದ ಮೂಳೆಮುರಿತವು ತಗ್ಗಲಿಲ್ಲ. ಕೊರತೆಯಿದ್ದಲ್ಲಿಯೇ ಪೂರಣಕ್ಕೆ ಸಾರ್ಥಕ್ಯ.

ಆದುದರಿಂದ ಆಶ್ರಮದ ಪೋಷಣೆಯನ್ನು ಭೋಜನಪಟ್ಟಿಯಿಂದ ಅಳೆಯುವುದು ಯುಕ್ತವಲ್ಲ. ಎಲೆಯಲ್ಲಿ ಎಷ್ಟು ಉಳಿಯಿತು, ನಡುಗುವ ಕೈಗೆ ತುತ್ತೆತ್ತಲು ನೆರವಾದವರಾರು, ಬಿಸಿಲಿಗೆ ಕರೆದೊಯ್ದವರಾರು ಎಂಬಿವೇ ಅಲ್ಲಿ ಕೇಳತಕ್ಕ ಪ್ರಶ್ನೆಗಳು.