ನೀರು ಕಡಿಮೆ, ಗದ್ದೆ ಜಾಸ್ತಿ: ಕೆರೆ ಶಾಸನಗಳಲ್ಲಿ ಅಂತರ್ಜಲದ ಲೆಕ್ಕ

ಕೆರೆಯ ಶಾಸನ ಸಿಕ್ಕಾಗ ನಾವು ಮೊದಲು ನೋಡುವುದು ಅರಸನ ಹೆಸರು, ಕಾಲ, ಲಿಪಿ. ಗದ್ದೆ, ತೂಬು, ಬಂಡಿಗಳ ಸಾಲುಗಳನ್ನು 'ದಾನದ ವಿವರ' ಅಂತ ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತೇವೆ. ಅಂತರ್ಜಲದ ಚರ್ಚೆಗೆ ಶಾಸನಗಳಿಂದ ಏನಾದರೂ ಸಿಗುವುದಾದರೆ ಅದು ಆ ಸಾಲುಗಳಲ್ಲೇ ಅನ್ನೋದು ನನ್ನ ಅಭಿಪ್ರಾಯ.

ಬೆಂಗಳೂರಿನ ಅಗರದ ಶಾಸನವನ್ನೇ ನೋಡಿ. 9ನೆಯ ಶತಮಾನದ್ದು, ಗಂಗರ ಸತ್ಯವಾಕ್ಯನ ಕಾಲ. ಎರಡು ಕೆರೆಗಳಿಗೆ ತೂಬು ಇಡಿಸಿ, ಮೂಡಣ ಕೆರೆಯನ್ನು ಕಟ್ಟಿಸಿದ್ದಕ್ಕಾಗಿ ಮೂರೂ ಕೆರೆಗಳ ಬಿತ್ತುವಟ್ಟ ಸಿಕ್ಕಿತು ಎಂಬುದು ಅದರ ಸಾರ. ಬಿತ್ತು ಅಂದ್ರೆ ಬೀಜ. ಕೆರೆಯ ಕೆಳಗೆ ಬೆಳೆಯುವ ಭೂಮಿಯಲ್ಲಿ ಒಂದು ಪಾಲು, ಕೆರೆ ಕಟ್ಟಿಸಿದವರಿಗೆ, ನೋಡಿಕೊಳ್ಳುವವರಿಗೆ. ಮುಂದೆ ವಿಜಯನಗರದ ಕಾಲದ ದಶವಂದ, ಕಟ್ಟುಕೊಡಗೆಗಳೂ ಇದೇ ಜಾತಿಯವು. ಹೂಳು ಹೊರುವ ಬಂಡಿಗೆಂದೇ ಭೂಮಿ ಬಿಟ್ಟ ಶಾಸನಗಳಿವೆ. ನೀರಿನಿಂದ ಬಂದ ಲಾಭದಲ್ಲೇ ನೀರಿನ ಖರ್ಚನ್ನು ಕಟ್ಟಿಹಾಕುವ ಏರ್ಪಾಟು ಇದು. ಇವನ್ನು ಬರೀ ಪುಣ್ಯದ ಕೆಲಸ ಅಂತ ಓದಿದರೆ ಅರ್ಧ ಓದಿದಂತೆ.

ಇನ್ನೊಂದು ಶಾಸನ ಕಡಪ ಜಿಲ್ಲೆಯ ಪೋರುಮಾಮಿಳ್ಳದ್ದು. ಶಕ 1291, ಅಂದರೆ ಕ್ರಿ.ಶ. 1369. ಒಂದನೆಯ ಬುಕ್ಕನ ಮಗ ಭಾಸ್ಕರ, ಉರುಫ್ ಭವದೂರ, ಕಟ್ಟಿಸಿದ ಕೆರೆ. ಸಾವಿರ ಆಳು, ಕಲ್ಲಿಗೆ ನೂರು ಬಂಡಿ, ಎರಡು ವರ್ಷದ ಕೆಲಸ. ಈ ಸಂಸ್ಕೃತ ಶಾಸನ ಒಳ್ಳೆಯ ಕೆರೆಗೆ ಹನ್ನೆರಡು ಅಂಗಗಳನ್ನೂ ಆರು ದೋಷಗಳನ್ನೂ ಪಟ್ಟಿ ಮಾಡುತ್ತದೆ. ಅಂಗಗಳಲ್ಲಿ ಜಲಶಾಸ್ತ್ರ ಬಲ್ಲವನೂ ಒಬ್ಬ. ದೋಷಗಳಲ್ಲಿ ಏರಿಯಿಂದ ನೀರು ಜಿನುಗುವುದು, ಸವಳು ಮಣ್ಣು, ಎರಡು ರಾಜ್ಯಗಳ ಗಡಿಯಲ್ಲಿ ಕೆರೆ ಇರುವುದು (ಕಾವೇರಿ ಜಗಳ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ) ಮುಂತಾದವು ಇವೆ. ನನಗೆ ಮುಖ್ಯವಾಗಿ ಕಂಡದ್ದು ಬೇರೊಂದು ದೋಷ: ಬರುವ ನೀರು ಅಲ್ಪ, ನೀರುಣಿಸಬೇಕಾದ ಭೂಮಿ ವಿಸ್ತಾರ.

ಕೇಂದ್ರ ಅಂತರ್ಜಲ ಮಂಡಳಿ ಇಂದು ತಾಲ್ಲೂಕುಗಳನ್ನು ವಿಂಗಡಿಸುವುದೂ ಹೆಚ್ಚುಕಡಿಮೆ ಇದೇ ಪ್ರಶ್ನೆಯಿಂದ. ವರ್ಷಕ್ಕೆ ತೆಗೆಯಬಹುದಾದ ನೀರಿನಲ್ಲಿ ಎಷ್ಟು ತೆಗೆಯುತ್ತಿದ್ದೇವೆ? ಶೇ. 70ರವರೆಗೆ ಸುರಕ್ಷಿತ, 90ರವರೆಗೆ ಅರೆ ಕ್ಲಿಷ್ಟ, 100ರವರೆಗೆ ಕ್ಲಿಷ್ಟ, ನೂರು ದಾಟಿದರೆ ಅತಿಬಳಕೆ. ಕೆರೆ ಶಾಸನಗಳು ದಂಡಿಯಾಗಿ ಸಿಗುವ ಕೋಲಾರ ಸೀಮೆ ಈ ಕೊನೆಯ ಗುಂಪಿನಲ್ಲಿದೆ.

ಆದರೆ ಒಂದು ದೊಡ್ಡ ವ್ಯತ್ಯಾಸ ಇದೆ. ಕೆರೆ ಇಳಿಯುವುದು ಇಡೀ ಊರಿನ ಕಣ್ಣಿಗೆ ಬೀಳುತ್ತದೆ. ನೀರುಗಂಟಿ ತೂಬು ಮುಚ್ಚಿದರೆ ಯಾಕೆ ಅಂತ ಎಲ್ಲರಿಗೂ ಗೊತ್ತು. ನಮ್ಮ ಗಟ್ಟಿಕಲ್ಲಿನ ನೆಲದಲ್ಲಿ ಕೆರೆಯ ನೀರು ಮೇಲಿನ ಸಡಿಲ ಪದರಕ್ಕೆ ಇಂಗಿ ಕೆಳಗಿನ ತೆರೆದ ಬಾವಿಗಳಿಗೆ ಬರುತ್ತಿತ್ತು, ಹಾಗಾಗಿ ಬಾವಿಗೂ ಕೆರೆಯೇ ಅಳತೆಗೋಲು. ಬೋರ್‌ವೆಲ್ ಆ ಪದರವನ್ನು ದಾಟಿ ಬಂಡೆಯ ಬಿರುಕಿಗೆ ಇಳಿಯುತ್ತದೆ. ನನ್ನ ಹೊಲದ ಮೋಟರು ಪಕ್ಕದ ಹೊಲದ ನೀರನ್ನು ಎಳೆದರೆ ಕಣ್ಣಿಗೆ ಕಾಣುವ ಸಾಕ್ಷಿ ಇಲ್ಲ. 2024ರ ಬೇಸಿಗೆಯಲ್ಲಿ ಬೆಂಗಳೂರಿನ ಸಾವಿರಾರು ಬೋರ್‌ವೆಲ್‌ಗಳು ಬತ್ತಿದ್ದು ಎಷ್ಟೋ ಮನೆಗಳಿಗೆ ಗೊತ್ತಾದದ್ದು ನಲ್ಲಿಯಲ್ಲಿ ನೀರು ನಿಂತ ಮೇಲೆ.

ಅದಕ್ಕೇ ವೀಕ್ಷಣಾ ಬಾವಿಗಳು ಬೇಕು. ಮಂಡಳಿ ಇವುಗಳ ಮಟ್ಟವನ್ನು ವರ್ಷಕ್ಕೆ ನಾಲ್ಕು ಸಲ ಅಳೆಯುತ್ತದೆ. ಮುಂಗಾರಿಗೆ ಮುಂಚಿನ ಅಳತೆಗೂ ನವೆಂಬರಿನ ಅಳತೆಗೂ ಇರುವ ಅಂತರವೇ ಆ ವರ್ಷ ನೆಲ ಕುಡಿದದ್ದರ ಸುಳಿವು. ಕಾನೂನೂ ಇದೆ: ಕುಡಿಯುವ ನೀರಿನ ಸಾರ್ವಜನಿಕ ಮೂಲದಿಂದ 500 ಮೀಟರ್ ಒಳಗೆ ಅನುಮತಿಯಿಲ್ಲದೆ ಬಾವಿ ತೋಡಬಾರದೆನ್ನುವ 1999ರ ರಾಜ್ಯ ಕಾಯ್ದೆ, ಅಂತರ್ಜಲ ನಿಯಂತ್ರಣದ 2011ರ ಕಾಯ್ದೆ. ಇಲ್ಲದಿರುವುದು ಬಿತ್ತುವಟ್ಟ. ನೀರೆತ್ತಿ ಬೆಳೆದ ಲಾಭದಲ್ಲಿ ಒಂದು ಪಾಲು ಅದೇ ನೀರಿನ ಮರುಪೂರಣಕ್ಕೆ ಹೋಗಬೇಕೆಂಬ ಕಟ್ಟು ಬೋರ್‌ವೆಲ್‌ಗೆ ಅಂಟಿಕೊಂಡಿಲ್ಲ.

ಹಳೆಯದೆಲ್ಲ ಚಿನ್ನ ಅಂತ ನಾನು ಹೇಳುತ್ತಿಲ್ಲ. ಆ ಸಾವಿರ ಆಳುಗಳ ಹೆಸರು ಪೋರುಮಾಮಿಳ್ಳದ ಕಲ್ಲಿನ ಮೇಲಿಲ್ಲ. ಗದ್ದೆ ಯಾರ ಪಾಲಾಯಿತು, ಕೆರೆಯ ನೀರು ಯಾರು ಮುಟ್ಟಬಹುದಿತ್ತು ಎನ್ನುವುದನ್ನೂ ಕೇಳಲೇಬೇಕು.

ಶಾಸನ ಓದುವವರು ಮಾಡಬಹುದಾದ ಒಂದು ಕೆಲಸವಂತೂ ಇದೆ. ಪಾಠದಲ್ಲಿ ಬರುವ ಕೆರೆ, ತೂಬು, ಕೋಡಿ, ಗದ್ದೆಯ ಎಲ್ಲೆಗಳನ್ನು ಇಂದಿನ ಗ್ರಾಮನಕ್ಷೆಯ ಮೇಲೆ ಗುರುತಿಸಿದರೆ, ಕಾಗದದಲ್ಲೂ ಇಲ್ಲದ ಕೆರೆಯಂಗಳಗಳು ಎಷ್ಟೋ ಕಡೆ ಹೊರಬೀಳುತ್ತವೆ. ನೀರು ಎಲ್ಲಿ ಇಂಗುತ್ತಿತ್ತು ಅನ್ನುವುದಕ್ಕೆ ಅದು ಒಳ್ಳೆಯ ಆಧಾರ. ಹೂಳೆತ್ತುವ ಜೆಸಿಬಿ ಬರುವ ಮೊದಲೇ ಹೋಗಬೇಕು. ತೂಬಿನ ಕಲ್ಲು ಒಮ್ಮೆ ಕಿತ್ತು ಏರಿಯ ಆಚೆ ಬಿದ್ದರೆ ಅಕ್ಷರ ಉಳಿಯಬಹುದು, ಜಾಗ ಉಳಿಯುವುದಿಲ್ಲ. ಅಚ್ಚು ತೆಗೆಯುವಾಗಲೇ ಕಲ್ಲು ನಿಂತ ಜಾಗದ ಅಕ್ಷಾಂಶ, ರೇಖಾಂಶ, ಏರಿಯ ಯಾವ ಮಗ್ಗುಲು, ಹತ್ತಿರದ ಬಾವಿಯಲ್ಲಿ ನೀರು ಎಷ್ಟು ಆಳದಲ್ಲಿದೆ ಎಂಬುದನ್ನೂ ಟಿಪ್ಪಣಿಗೆ ಸೇರಿಸಿ. ಆಳ ಅಳೆಯಲು ಹಗ್ಗ, ಒಂದು ಕಲ್ಲು, ಟೇಪು ಸಾಕು.