ದೇವಾಜಮ್ಮಣ್ಣಿಯ ಸಂಚಿಯವಳು

ಅರಮನೆಯಲ್ಲಿ ಊಟವಾಯಿತೆಂದರೆ ಎಲೆ ಅಡಿಕೆಯ ಹೊತ್ತು. ಸಂಚಿಯ ದಾರ ಸಡಿಲಿಸಿದರೆ ಒಂದು ಮಡಿಕೆಯಲ್ಲಿ ಅಡಿಕೆ ಹೋಳು, ಇನ್ನೊಂದರಲ್ಲಿ ಏಲಕ್ಕಿ, ಲವಂಗ, ಜಾಕಾಯಿ, ಪಚ್ಚ ಕರ್ಪೂರ. ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟ ಎಳೆಯ ವೀಳ್ಯದೆಲೆ ಬೇರೆ, ಸುಣ್ಣದ ಕಾಯಿ ಬೇರೆ. ಎಲೆಯ ತೊಟ್ಟು ಮುರಿದು, ತುದಿ ಚಿವುಟಿ, ಬೆನ್ನಿನ ನಾರನ್ನು ಉಗುರಿನಿಂದ ಎಳೆದು ತೆಗೆಯಬೇಕು. ಆಮೇಲೆ ಸುಣ್ಣ. ಚೂರು ಹೆಚ್ಚಾದರೆ ರಾಣಿಯ ನಾಲಗೆ ಸುಡುತ್ತದೆ, ಕಮ್ಮಿಯಾದರೆ ತುಟಿಗೆ ಕೆಂಪೇರುವುದಿಲ್ಲ. ಬಾಯಿಗೆ ಹೋಗುವ ವಸ್ತು; ವಿಷದ ಭಯವಿದ್ದ ಕಾಲ. ನಂಬಿಕೆಯವರಲ್ಲದೆ ಬೇರೆಯವರ ಕೈಗೆ ಸಂಚಿ ಹೋಗುವಂತಿರಲಿಲ್ಲ.

ಶ್ರೀರಂಗಪಟ್ಟಣದಲ್ಲಿ ಆ ನಂಬಿಕೆಗೆ ಪಾತ್ರಳಾದವಳು ಹೊನ್ನಮ್ಮ. 1673ರಿಂದ 1704ರವರೆಗೆ ಆಳಿದ ಚಿಕ್ಕದೇವರಾಜ ಒಡೆಯರ ರಾಣಿ ದೇವಾಜಮ್ಮಣ್ಣಿಯ ಊಳಿಗದವಳು. ಇಬ್ಬರಿಗೂ ಯಳಂದೂರಿನ ನಂಟು. ತವರಿನ ಕಡೆಯ ಹುಡುಗಿ ಪಕ್ಕದಲ್ಲಿದ್ದರೆ ರಾಣಿವಾಸದ ಹೆಣ್ಣಿಗೆ ಎಷ್ಟು ಆಸರೆ ಎಂಬುದನ್ನು ಗಂಡನ ಮನೆಗೆ ಹೋದವರೆಲ್ಲ ಬಲ್ಲರು.

ಸಂಚಿಯವಳಿಗೆ ಕೂರುವ ಹೊತ್ತು ಕಡಿಮೆ. ರಾಣಿ ಎದ್ದರೆ ಏಳಬೇಕು, ನಡೆದರೆ ಹಿಂದೆ ನಡೆಯಬೇಕು, ಕಣ್ಸನ್ನೆಯಲ್ಲೇ ಬೇಕಾದ್ದನ್ನು ಅರಿಯಬೇಕು. ಬಾಯಿಗೆ ಕೆಲಸವಿಲ್ಲ, ಕಿವಿಗೆ ಬಿಡುವಿಲ್ಲ. ಆ ಅರಮನೆಯಲ್ಲಿ ಕಿವಿಗೆ ಬೀಳುತ್ತಿದ್ದದ್ದಾದರೂ ಎಂಥ ಮಾತು! ಮಂತ್ರಿ ತಿರುಮಲಾರ್ಯ ಕವಿ, ಚಿಕುಪಾಧ್ಯಾಯ ಕವಿ, ಸಿಂಗರಾರ್ಯ ನಾಟಕ ಬರೆದವನು; ದೊರೆಯ ಹೆಸರಿನಲ್ಲೂ ಕೃತಿಗಳಿವೆ. ಹೊನ್ನಮ್ಮನಿಗೆ ಅಳಸಿಂಗರಾರ್ಯರಂಥ ಗುರುವೂ ದೊರೆತರು. ಊಳಿಗದ ಹೆಣ್ಣಿಗೆ ಓದು ಕಲಿಸಿದ ಆ ಗುರುವಿನ ಬಗ್ಗೆ ನನಗೆ ದೊಡ್ಡ ಗೌರವ. ಶಿಷ್ಯೆಯನ್ನು ಸರಸ ಸಾಹಿತ್ಯದ ವರದೇವತೆ ಎಂದು ಹೊಗಳಿದವರೂ ಅವರೇ ಎನ್ನುತ್ತಾರೆ.

ಅರಮನೆಯ ಅಪ್ಪಣೆಯಂತೆ ಅವಳು ಬರೆದದ್ದು ‘ಹದಿಬದೆಯ ಧರ್ಮ’. ಒಂಬತ್ತು ಸಂಧಿ, ಸಾಂಗತ್ಯ. ಓದಲು ಬಾರದ ಹೆಂಗಸರೂ ಹಾಡಿಕೊಳ್ಳಬಹುದಾದ ಮಟ್ಟು. ಹದಿಬದೆ ಎಂದರೆ ಪತಿವ್ರತೆ; ಗಂಡನನ್ನು ದೈವವೆಂದು ನಂಬಿದ ಹೆಂಡತಿಯ ನಡೆನುಡಿಯೇ ಅದರ ಹೂರಣ. ಇವತ್ತು ಓದುವವಳಾಗಿ ಅದರ ಹಲವು ಪುಟಗಳಲ್ಲಿ ನನಗೆ ಉಸಿರು ಕಟ್ಟುತ್ತದೆ, ಅದನ್ನು ಮುಚ್ಚಿಡಲಾರೆ. ಆದರೆ ಆ ಉಪದೇಶದ ನಡುವೆಯೇ ಹೊನ್ನಮ್ಮ ಒಮ್ಮೆ ಮಗಳ ಪರ ನಿಂತುಬಿಡುತ್ತಾಳೆ. ಹೆತ್ತವಳು ಹೆಣ್ಣು, ಸಾಕಿದವಳು ಹೆಣ್ಣು, ಹೀಗಿರುತ್ತ ಹೆಣ್ಣೆಂದು ಹೀಗಳೆಯುವವರಿಗೆ ಕಣ್ಣಿಲ್ಲವೇ ಎಂದು ಕೇಳುತ್ತಾಳೆ. ಮಗನಾದರೇನು, ಮಗಳಾದರೇನು ಎಂದು ಪಟ್ಟು ಹಿಡಿಯುತ್ತಾಳೆ. ಶಾಸ್ತ್ರ ಒಪ್ಪಿಸುತ್ತಿದ್ದ ದನಿ ಇಲ್ಲಿ ಗಡುಸಾಗುತ್ತದೆ. ಅಪ್ಪಣೆಯ ಮೇರೆಗೆ ಬಂದ ಮಾತಲ್ಲ ಇದು, ಸ್ವಂತದ್ದು ಎಂದೇ ನನ್ನ ನಂಬಿಕೆ. ಮೂರು ಶತಮಾನ ಕಳೆದ ಮೇಲೂ ಕನ್ನಡಿಗರ ಬಾಯಲ್ಲಿ ಉಳಿದಿರುವುದು ಹೊನ್ನಮ್ಮನ ಆ ಪದ್ಯವೇ.