ಜೆ.ಸಿ. ರಸ್ತೆಯಲ್ಲಿ ಒಂದು ಟೈರು ಬದಲಾವಣೆ

ಬೆಂಗಳೂರಿನ ಪುರಭವನದಿಂದ ರವೀಂದ್ರ ಕಲಾಕ್ಷೇತ್ರ ದಾಟಿ ಮಿನರ್ವ ವೃತ್ತದ ಕಡೆ ಕಾಲ್ನಡಿಗೆಯಲ್ಲಿ ಹೊರಟರೆ ಜೆ.ಸಿ. ರಸ್ತೆಯ ಸ್ವಭಾವ ಬೇಗ ತಿಳಿಯುತ್ತದೆ. ಸೀಟ್ ಕವರ್, ಬೇರಿಂಗ್, ಹಾರ್ನ್, ಕನ್ನಡಿ, ಬ್ಯಾಟರಿ. ನಡುನಡುವೆ ಟೈರಿನ ಅಂಗಡಿಗಳು. ಹೊಸ ರಬ್ಬರಿನ ವಾಸನೆ ಬಾಗಿಲಲ್ಲೇ ಎದುರಾಗುತ್ತದೆ. ಮುಂಗಾರಿಗೆ ಮುಂಚೆ ಬೈಕಿನ ಹಿಂದಿನ ಟೈರು ಹಾಕಿಸಲು ನಾನು ಬಂದದ್ದು ಇಲ್ಲಿಗೆ.

ಹಳೆಯ ಟೈರು ನಡುಭಾಗದಲ್ಲಿ ಪೂರ್ತಿ ಬೋಳಾಗಿತ್ತು, ಅಂಚಿನಲ್ಲಿ ಮಾತ್ರ ಬಟನ್ ಉಳಿದಿತ್ತು. ಊರೊಳಗೆ ಓಡುವ ಬೈಕುಗಳು ಸಾಮಾನ್ಯವಾಗಿ ಹೀಗೇ ಸವೆಯುತ್ತವೆ. ಇಂಜಿನ್ನಿನ ಎಳೆತವೆಲ್ಲ ಹಿಂದಿನ ಚಕ್ರದ ಮೂಲಕವೇ ನೆಲಕ್ಕಿಳಿಯುವುದರಿಂದ ಅದು ಮುಂದಿನದಕ್ಕಿಂತ ಮೊದಲು ಸೋಲುತ್ತದೆ. ದುಂಡಗಿರಬೇಕಾದ ಮೈ ಚಪ್ಪಟೆಯಾದ ಮೇಲೆ ತಿರುವಿನಲ್ಲಿ ಬೈಕು ಸಲೀಸಾಗಿ ವಾಲುವುದಿಲ್ಲ. ಎಷ್ಟೋ ಸವಾರರು ಹ್ಯಾಂಡಲಿನಲ್ಲೇ ಏನೋ ದೋಷವಿದೆ ಎಂದುಕೊಂಡು ಓಡಿಸುತ್ತಲೇ ಇರುತ್ತಾರೆ. ಟೈರಿನ ಗೀರುಗಳೊಳಗೆ ಅಲ್ಲಲ್ಲಿ ಸಣ್ಣ ರಬ್ಬರ್ ದಿಬ್ಬಗಳಿವೆ. ಅವು ಎಲ್ಲಿವೆಯೆಂದು ತೋರಿಸಲು ಪಕ್ಕದಲ್ಲಿ ತ್ರಿಕೋನವನ್ನೋ ಟಿ.ಡಬ್ಲ್ಯು.ಐ. ಎಂಬ ಅಕ್ಷರಗಳನ್ನೋ ಒತ್ತಿರುತ್ತಾರೆ. ಮೇಲ್ಮೈ ಸವೆದು ಆ ದಿಬ್ಬದ ಮಟ್ಟಕ್ಕೆ ಇಳಿದರೆ ಟೈರಿನ ಆಯುಷ್ಯ ಮುಗಿಯಿತು. ಮಳೆನೀರನ್ನು ಆಚೆ ತಳ್ಳುವುದೇ ಗೀರುಗಳ ಕೆಲಸ. ಅವಿಲ್ಲದ ಟೈರು ಒಣ ರಸ್ತೆಯಲ್ಲಿ ಹೇಗೋ ನಡೆದೀತು, ಒದ್ದೆ ಡಾಂಬರಿನ ಮೇಲೆ ಬ್ರೇಕ್ ಹಿಡಿದಾಗ ಜಾರುತ್ತದೆ.

ಅಂಗಡಿಯವರು ಮೊದಲು ಕೇಳಿದ್ದು ಸೈಜು. ನನ್ನದು 100/90-17. ಅಗಲ 100 ಮಿಲಿಮೀಟರ್, ಎತ್ತರ ಆ ಅಗಲದ ಶೇ. 90, ರಿಮ್ಮಿನ ವ್ಯಾಸ 17 ಇಂಚು. ದಪ್ಪ ಟೈರು ಹಾಕಿಸಿದರೆ ಬೈಕು ಚೆನ್ನಾಗಿ ಕಾಣುತ್ತದೆಂದು ಅಳತೆ ಮೀರುವವರಿದ್ದಾರೆ. ರಿಮ್ಮಿಗೆ ಒಗ್ಗದ ಟೈರು ಆಕಾರ ಕೆಡುತ್ತದೆ, ಚೈನಿಗೋ ಮಡ್‌ಗಾರ್ಡಿಗೋ ಉಜ್ಜಲೂಬಹುದು. ಕಂಪನಿ ಕೊಟ್ಟ ಅಳತೆಯೇ ಸರಿ.

ಆಮೇಲೆ ನಾವು ಕೇಳಬೇಕಾದದ್ದು ಟೈರು ತಯಾರಾದ ದಿನಾಂಕ. ಪಕ್ಕದಲ್ಲಿ ನಾಲ್ಕು ಅಂಕಿಗಳಿರುತ್ತವೆ: 2324 ಎಂದಿದ್ದರೆ 2024ರ 23ನೇ ವಾರ. ಮೈಮೇಲಿನ ರಬ್ಬರ್ ಮೀಸೆಗಳನ್ನು ನೋಡಿ ಟೈರು ಹೊಸದೆಂದು ನಂಬಬಾರದು. ಗೋದಾಮಿನಲ್ಲಿ ವರ್ಷಗಟ್ಟಲೆ ಮಲಗಿದ್ದ ಟೈರಿನಲ್ಲೂ ಅವು ಹಾಗೇ ಇರುತ್ತವೆ, ಆದರೆ ಅಷ್ಟರಲ್ಲಿ ರಬ್ಬರು ಗಟ್ಟಿಯಾಗಿ ಹಿಡಿತ ಕಡಿಮೆಯಾಗಿರುತ್ತದೆ. ದಿನಾಂಕ ತೋರಿಸಿ ಎಂದಾಗ ಅಂಗಡಿಯವರು ಬೇಸರಪಡಲಿಲ್ಲ, ಒಳಗಿನಿಂದ ಇನ್ನೊಂದು ತಂದು ಬೆಳಕಿಗೆ ಹಿಡಿದರು.

ಚಕ್ರ ಬಿಚ್ಚಿದ ಮೆಕ್ಯಾನಿಕ್ ಹುಡುಗನ ಕೈಕೆಲಸ ಬೆರಗು ಹುಟ್ಟಿಸುವಂಥದ್ದು. ಡಬಲ್ ಸ್ಟ್ಯಾಂಡ್ ಹಾಕಿ, ಬ್ರೇಕ್ ರಾಡ್ ಬಿಡಿಸಿ, ಆಕ್ಸಲ್ ಎಳೆದು, ಬುಷ್‌ಗಳನ್ನು ತೆಗೆದ ಕ್ರಮದಲ್ಲೇ ಬಟ್ಟೆಯ ಮೇಲೆ ಸಾಲಾಗಿಟ್ಟ. "ಸಾರ್, ಕಪ್ಲಿಂಗ್ ರಬ್ಬರ್ ಆಡ್ತಾ ಇದೆ, ಚಕ್ರ ಹೇಗೂ ಬಿಚ್ಚಿದೀವಿ, ಈಗಲೇ ಹಾಕಿಸಿಬಿಡಿ" ಎಂದ. ತೋರಿಸಿದಾಗ ನಿಜವೇ ಆಗಿತ್ತು. ಚಕ್ರ ಹೊರಗಿರುವಾಗಲೇ ಬೇರಿಂಗನ್ನೂ ಬೆರಳಲ್ಲಿ ತಿರುಗಿಸಿ ನೋಡುವುದು ಒಳ್ಳೆಯದು. ಗರಗರ ಎಂದರೆ ಬದಲಿಸಬೇಕು.

ನನ್ನದು ಟ್ಯೂಬ್‌ಲೆಸ್. ಅಲಾಯ್ ರಿಮ್ಮಿಗೆ ಗೀರು ಬೀಳದಂತೆ ಮಷೀನಿನಲ್ಲೇ ಹಳೆಯದನ್ನು ಬಿಡಿಸಿ, ಗಾಳಿ ತುಂಬುವ ವಾಲ್ವನ್ನೂ ಹೊಸದು ಹಾಕಿದರು. ಟ್ಯೂಬ್ ಇರುವ ಬೈಕಾದರೆ ಟ್ಯೂಬನ್ನೂ ಬದಲಿಸಬೇಕು. ಹಳೆಯದು ಹಿಗ್ಗಿರುತ್ತದೆ, ಹೊಸ ಟೈರಿನೊಳಗೆ ಮಡಿಕೆ ಬಿದ್ದು ಅಲ್ಲೇ ಹರಿಯುತ್ತದೆ. ಇಲ್ಲಿ ಕಾಸು ಉಳಿಸುವುದು ದಂಡ. ಟೈರಿನ ಮೇಲಿನ ಬಾಣದ ಗುರುತು ಚಕ್ರ ಮುಂದಕ್ಕೆ ಉರುಳುವ ದಿಕ್ಕಿಗೇ ಇದೆಯೇ ಎಂದು ಗಾಳಿ ಹೊಡೆಯುವ ಮುಂಚೆ ನೋಡಬೇಕು. ಸೋಪಿನ ನೀರು ಸವರಿ ಗಾಳಿ ಬಿಟ್ಟಾಗ ಟೈರಿನ ಎರಡು ಅಂಚುಗಳೂ ಟಪ್ ಟಪ್ ಎಂದು ರಿಮ್ಮಿಗೆ ಕೂರುತ್ತವೆ. ಪಕ್ಕದ ಸಣ್ಣ ಗೆರೆ ರಿಮ್ಮಿನಿಂದ ಸುತ್ತಲೂ ಒಂದೇ ಅಂತರದಲ್ಲಿದ್ದರೆ ಸರಿಯಾಗಿ ಕೂತಿದೆ ಎಂದರ್ಥ.

ಬಹುಮಂದಿ ಹಣ ಕೊಟ್ಟು ಹೊರಡುವ ಹೊತ್ತೇ ಅತಿ ಎಚ್ಚರ ಬೇಕಾದ ಹೊತ್ತು. ಚೈನಿನ ಬಿಗಿ ಹದವಾಗಿದೆಯೇ, ಎರಡೂ ಬದಿಯ ಅಡ್ಜಸ್ಟರ್ ಒಂದೇ ಗೀಟಿಗೆ ನಿಂತಿವೆಯೇ, ಆಕ್ಸಲ್ ನಟ್ ಬಿಗಿಯಾಗಿದೆಯೇ ನೋಡಿ. ಡ್ರಮ್ ಬ್ರೇಕಿನ ಪ್ಲೇಟು ಚಕ್ರದ ಜೊತೆ ತಿರುಗದಂತೆ ಹಿಡಿದಿಡುವ ಪಟ್ಟಿಯ ನಟ್ಟನ್ನು ವಿಶೇಷವಾಗಿ ನೋಡಿ. ಅದು ಕಳಚಿದರೆ ಬ್ರೇಕ್ ತುಳಿದಾಗ ಚಕ್ರವೇ ಸಿಕ್ಕಿಕೊಳ್ಳಬಹುದು. ನಿಂತಲ್ಲೇ ಬ್ರೇಕನ್ನು ನಾಲ್ಕಾರು ಸಲ ಒತ್ತಿಯೇ ಹೊರಡಿ. ಹೊಸ ಟೈರಿನ ಮೈ ನುಣುಪಾಗಿರುತ್ತದೆ, ಮೊದಲ ನೂರು ಕಿಲೋಮೀಟರಾದರೂ ಜೋರಾಗಿ ವಾಲಿಸುವುದು, ದಿಢೀರ್ ಬ್ರೇಕ್ ಹಾಕುವುದು ಬೇಡ.

ಹಳೆಯ ಟೈರನ್ನು ಮನೆಗೆ ತಂದು ತಾರಸಿಯ ಮೇಲೆ ಎಸೆಯದೆ ಅಂಗಡಿಯಲ್ಲೇ ಬಿಡಿ. ನಿಂತ ಮಳೆನೀರಿನಲ್ಲಿ ಡೆಂಗಿ ಹರಡುವ ಸೊಳ್ಳೆ ಮರಿ ಮಾಡುತ್ತದೆ.

ಜೂನ್ ಬರುವ ಮೊದಲು ಒಂದು ಬೆಳಿಗ್ಗೆ ನಿಮ್ಮ ಬೈಕಿನ ಪಕ್ಕ ಕುಕ್ಕರಗಾಲಲ್ಲಿ ಕೂತು ಎರಡೂ ಟೈರಿನ ಗೀರಿನೊಳಗೆ ಇಣುಕಿ. ದಿಬ್ಬ ಮುಟ್ಟಿದ್ದರೆ ಇನ್ನೊಂದು ತಿಂಗಳು ತಳ್ಳಬೇಡಿ. ಹಿಂದೆ ಮಕ್ಕಳನ್ನು ಕೂರಿಸಿಕೊಂಡು ಶಾಲೆಗೆ ಬಿಡುವವರಂತೂ ಅದೇ ವಾರ ಬದಲಿಸಿ.